ಅಪ್‌ಡೇಟ್: ಅಸಿಸ್ಟೆಂಟ್‌ಶಿಪ್ ಖಚಿತವಿಲ್ಲದೆ ಸಂಸಾರ ಸಮೇತ ಅಮೆರಿಕಕ್ಕೆ ಪಿಎಚ್‌ಡಿ

ಅಸಿಸ್ಟೆಂಟ್‌ಶಿಪ್ (ಬೋಧನೆ ಅಥವಾ ಸಂಶೋಧನೆಯಲ್ಲಿ ನೆರವಾಗಿ ಸ್ಟೈಪೆಂಡ್, ಅಂದರೆ ಭತ್ಯೆ, ಪಡೆಯುವ ಕೆಲಸ) ಖಚಿತವಾಗದೆಯೇ ಪಿಎಚ್‌ಡಿಗೆ ಹೆಂಡತಿ, ಮಗುವಿನ ಜೊತೆ ಅಮೆರಿಕಕ್ಕೆ ಹೋಗಬಹುದೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಈವರೆಗೆ ತಿಳಿದದ್ದು ಇಷ್ಟು.

ಆಫರ್ ಪತ್ರದಲ್ಲಿ ಸ್ಟೈಪೆಂಡ್ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ಅವಧಿ. 9 ತಿಂಗಳದ್ದೋ, 12 ತಿಂಗಳದ್ದೋ? 9 ಆದರೆ ಬೇಸಿಗೆಯ ಮೂರು ತಿಂಗಳ ಬಾಡಿಗೆ ನಮ್ಮ ತಲೆಯ ಮೇಲೆ. ‘ಹಣ ಲಭ್ಯವಿದ್ದರೆ ನವೀಕರಣ’ ಎಂದಿದ್ದರೆ ಅದು ಭರವಸೆಯಲ್ಲ; ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಮಂದಿಗೆ ಎರಡನೇ ವರ್ಷ ಸಿಗಲಿಲ್ಲ ಎಂದು ವಿಭಾಗಕ್ಕೆ ಈಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಟ್ಯೂಷನ್ (ಬೋಧನಾ ಶುಲ್ಕ) ಮನ್ನಾ ಆದರೂ ‘ಫೀಸ್’ (ವಿವಿಯ ಇತರ ಶುಲ್ಕಗಳು) ಬೇರೆಯೇ ಕಟ್ಟಬೇಕಾಗಬಹುದು.

ನಾನು ಪೂರ್ತಿ ಮರೆತಿದ್ದದ್ದು ಆರೋಗ್ಯ ವಿಮೆ. ವಿದ್ಯಾರ್ಥಿಯ ಪ್ರೀಮಿಯಂ ವಿವಿ ಭರಿಸಿದರೂ ಹೆಂಡತಿ-ಮಕ್ಕಳದ್ದನ್ನು ಬಹಳ ಕಡೆ ನಾವೇ ಕಟ್ಟಬೇಕು. ಎಫ್-2 ವೀಸಾದಲ್ಲಿ (ವಿದ್ಯಾರ್ಥಿಯ ಅವಲಂಬಿತರದ್ದು) ಸಂಗಾತಿ ಕೆಲಸ ಮಾಡುವಂತಿಲ್ಲ, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆಯೇ ಮಿತಿ. ಅಂದರೆ ಕೊರತೆ ಬಿದ್ದರೆ ತುಂಬಿಸಲು ದಾರಿಯೇ ಕಡಿಮೆ. ಐ-20ಗೆ (ವೀಸಾಕ್ಕಾಗಿ ವಿವಿ ಕೊಡುವ ಪತ್ರ) ಅವಲಂಬಿತರ ಖರ್ಚಿಗೂ ಹಣ ತೋರಿಸಬೇಕು.

ಮೊದಲ ಸಂಬಳ ಬರಲು ತಿಂಗಳು ದಾಟುವುದುಂಟು; ಅಷ್ಟರೊಳಗೆ ಮನೆಯ ಡಿಪಾಸಿಟ್, ಬಾಡಿಗೆ, ಹಾಸಿಗೆ-ಪಾತ್ರೆ ಎಲ್ಲಾ ಬಂದು ಕೂತಿರುತ್ತದೆ. ಕೈಯಲ್ಲಿ ಕನಿಷ್ಠ ಮೂರು ತಿಂಗಳ ಖರ್ಚು ಇಟ್ಟುಕೊಳ್ಳುವುದು ಎಂದು ನಿರ್ಧರಿಸಿದ್ದೇವೆ.

ಆತುರಪಡಿಸಿದರೆ ಬೆದರಬೇಡಿ: ‘ಏಪ್ರಿಲ್ 15’ ಎಂಬ, ವಿವಿಗಳ ನಡುವಿನ ಒಪ್ಪಂದಕ್ಕೆ ಸಹಿ ಹಾಕಿದ ವಿವಿಗಳ ಧನಸಹಾಯದ ಆಫರಿಗೆ ಆ ದಿನಾಂಕಕ್ಕೂ ಮುಂಚೆ ಉತ್ತರಿಸುವ ಹಂಗಿಲ್ಲ. ಸದ್ಯ ಒಂದು ವಿಭಾಗದ ಲಿಖಿತ ಉತ್ತರಕ್ಕೆ ಕಾಯುತ್ತಿದ್ದೇನೆ. ಬರದಿದ್ದರೆ ಮೊದಲ ಸೆಮಿಸ್ಟರ್ ಒಬ್ಬನೇ ಹೋಗುವುದು, ಸಂಸಾರ ಆಮೇಲೆ.