ಬೇರಿನ ಯಜಮಾನ ಯಾರು?

"ಇನ್ನು ಚಿಂತೆ ಇಲ್ಲ, ಹಾರ್ಮೋನು ಸಿಕ್ಕಿತು" ಎಂದರು ಮೂರ್ತಿ, ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ.

"ಯಾರಿಗೆ?" ಎಂದ ಕಿಟ್ಟಿ.

"ಗಿಡಕ್ಕಯ್ಯಾ! ಬೇರು ಬರಿಸುವ ಪುಡಿ. ಇದರಲ್ಲಿ ಆಕ್ಸಿನ್ ಇದೆ. ಎರಡು ಪಾಲು ಹಾಕಿದರೆ ಬೇರು ಎರಡು ಪಾಲು ಬೆಳೆಯುತ್ತದೆ. ಲೆಕ್ಕ ಸರಿ ಅಲ್ವಾ?"

ರಾಯರು ಕನ್ನಡಕ ಒರೆಸಿಕೊಂಡರು. ಯಾರಿಗೋ ಕಾದಿದೆ ಎಂದರ್ಥ.

"ಈಗ ಎಲ್ಲದಕ್ಕೂ ಒಂದು ಹಾರ್ಮೋನು. ಖುಷಿಗೊಂದು, ನಿದ್ದೆಗೊಂದು, ಪ್ರೀತಿಗೊಂದು. ಗಿಡವನ್ನಾದರೂ ಬಿಡುತ್ತೀರಿ ಅಂದುಕೊಂಡಿದ್ದೆ. ಕತ್ತರಿಸಿದ ಕಡ್ಡಿಗೆ ಹೊಸ ಬೇರು ಬರಲಿ ಎಂದು ಪುಡಿ ಹಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಬಂದ ಬೇರಿಗೆ ಆಕ್ಸಿನ್ ಜಾಸ್ತಿಯಾದರೆ ಅದು ಉದ್ದವಾಗುವುದೇ ನಿಲ್ಲುತ್ತದೆ. ಕಾಂಡ ಉದ್ದವಾಗಲು ಬೇಕಾದಷ್ಟು ಕೊಟ್ಟರೂ ಬೇರು ಗಿಡ್ಡವಾಗುತ್ತದೆ."

"ಹಾಗಾದರೆ ಬೇರಿಗೆ ಯಜಮಾನ ಆಕ್ಸಿನ್ ಅಲ್ವಾ?"

"ಸೈಟೋಕೈನಿನ್ ಒಪ್ಪಬೇಕಲ್ಲ."

"ಅದ್ಯಾರು?" ಎಂದರು ಪದ್ಮ.

"ಇನ್ನೊಂದು ಹಾರ್ಮೋನು. ಬೇರಿನ ತುದಿಯಲ್ಲಿ ಜೀವಕೋಶಗಳು ಒಡೆದು ಒಡೆದು ಹೆಚ್ಚುತ್ತಿರುತ್ತವೆ. ಇನ್ನೂ ಹೆಚ್ಚಲಿ ಅನ್ನುವುದು ಆಕ್ಸಿನ್. ಸ್ವಲ್ಪ ಮೇಲೆ ಸೈಟೋಕೈನಿನ್ ನಿಂತಿರುತ್ತದೆ: ಒಡೆದದ್ದು ಸಾಕು, ಇನ್ನು ಒಂದು ಕೆಲಸ ಹಿಡಿ ಅನ್ನುತ್ತದೆ. ಇಬ್ಬರ ನಡುವೆ ಒಂದು ಪ್ರೋಟೀನು. ಸೈಟೋಕೈನಿನ್ ಅದನ್ನು ಹೆಚ್ಚಿಸುತ್ತದೆ, ಆಕ್ಸಿನ್ ಕೆಡವುತ್ತದೆ. ಈ ಜಗಳ ಎಲ್ಲಿ ಸರಿಸಮ ಆಗುತ್ತದೋ ಅಲ್ಲಿಗೆ ಬೇರಿನ ಬೆಳೆಯುವ ಭಾಗ ಮುಗಿಯಿತು."

"ಸರಿ, ಸೈಟೋಕೈನಿನ್ನೇ ಯಜಮಾನ" ಎಂದು ಮೂರ್ತಿ ತೀರ್ಪು ಕೊಟ್ಟರು.

"ಎಥಿಲೀನ್‌ನ ಮರೆತಿರಾ? ಅದೂ ಹಾರ್ಮೋನೇ, ಬೇರು ಉದ್ದವಾಗದ ಹಾಗೆ ತಡೆಯುತ್ತದೆ. ಆದರೆ ಕೈ ಕೊಳೆ ಮಾಡಿಕೊಳ್ಳುವುದಿಲ್ಲ. ತುದಿಯಲ್ಲಿ ಆಕ್ಸಿನ್ ಜಾಸ್ತಿ ತಯಾರಾಗುವಂತೆ ಮಾಡಿ, ಹೆಚ್ಚಿನ ಕೆಲಸ ಅದರಿಂದಲೇ ಮಾಡಿಸುತ್ತದೆ."

ಕಿಟ್ಟಿಗೆ ಎಥಿಲೀನ್ ತುಂಬಾ ಹಿಡಿಸಿತು.

"ಕೇಳು ಕಿಟ್ಟಿ. ಗಟ್ಟಿ ಮಣ್ಣಿನಲ್ಲಿ ಬೇರು ಇಳಿಯದಿದ್ದರೆ ಅದಕ್ಕೆ ಶಕ್ತಿ ಸಾಲದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಎಥಿಲೀನ್ ಅನಿಲ ಅಲ್ವಾ? ಒತ್ತಿದ ಮಣ್ಣಿನಲ್ಲಿ ಅದಕ್ಕೆ ಹೊರಗೆ ಹೋಗಲು ಜಾಗ ಇಲ್ಲ. ಬೇರಿನ ಸುತ್ತಲೇ ತುಂಬಿಕೊಳ್ಳುತ್ತದೆ, ಬೇರು ನಿಲ್ಲುತ್ತದೆ. ಎಥಿಲೀನ್ ಮಾತು ಕೇಳಿಸದ ಭತ್ತದ ಸಸಿಗಳನ್ನು ಅಂಥ ಮಣ್ಣಿಗೆ ಹಾಕಿ ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಬೇರುಗಳು ಇಳಿದೇ ಬಿಟ್ಟವು."

"ಅಂದರೆ ಕೈಲಾಗದೆ ನಿಂತದ್ದಲ್ಲ, ನಿಲ್ಲು ಅಂದದ್ದಕ್ಕೆ ನಿಂತದ್ದು" ಎಂದರು ಪದ್ಮ.

ಮೂರ್ತಿ ಸೋಲಲಿಲ್ಲ. "ಬೇರಿನ ತುದಿ ಮಿದುಳಿದ್ದ ಹಾಗೆ ಅಂತ ಡಾರ್ವಿನ್ 1880ರಲ್ಲೇ ಬರೆದಿದ್ದಾರೆ. ಮಿದುಳು ಅಂದಮೇಲೆ ಯಜಮಾನ ಇರಲೇಬೇಕು."

"ಜಿಬ್ಬರೆಲಿನ್ ಅನ್ನುವ ಹಾರ್ಮೋನು ಕೂಡ ಇದೆ. ಬೆಳವಣಿಗೆಗೆ ಅಡ್ಡ ನಿಂತ ಪ್ರೋಟೀನುಗಳನ್ನು ಕಿತ್ತುಹಾಕುವುದು ಅದರ ಕೆಲಸ. ಗಿಡದ ತುದಿ ಚಿವುಟಿ ಆಕ್ಸಿನ್ ಬರದ ಹಾಗೆ ಮಾಡಿ, ಬೇರಿನಲ್ಲಿ ಜಿಬ್ಬರೆಲಿನ್ ಕೆಲಸವೂ ನಿಧಾನವಾಗುತ್ತದೆ. ಇಲ್ಲಿ ಯಾರಿಗೂ ಒಬ್ಬರೇ ಸಹಿ ಹಾಕುವ ಅಧಿಕಾರ ಇಲ್ಲ, ಮೂರ್ತಿ. ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು 1957ರಲ್ಲಿ ತಂಬಾಕಿನ ತಿರುಳಿನ ಮೇಲೆ ತೋರಿಸಿದ್ದೂ ಇದನ್ನೇ. ಆಕ್ಸಿನ್ ಪಾಲು ಜಾಸ್ತಿಯಾದರೆ ಬೇರು. ಸೈಟೋಕೈನಿನ್ ಪಾಲು ಜಾಸ್ತಿಯಾದರೆ ಚಿಗುರು."

"ಸಮಸಮ ಆದರೆ?"

"ಬರೀ ಮುದ್ದೆ. ಬೇರೂ ಇಲ್ಲ, ಚಿಗುರೂ ಇಲ್ಲ."

"ನಮ್ಮ ಹರಟೆಯ ಹಾಗೆ" ಎಂದ ಕಿಟ್ಟಿ.

ಮೂರ್ತಿ ಮಾತ್ರ ನಗಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ, "ಸಾಕು, ಒಂದು ಕೆಲಸ ಹಿಡಿ ಅಂತ ನನಗೂ ಅಂದಿದ್ದರು" ಎಂದರು. "ಆಗ ಚಿತ್ರ ಬಿಡಿಸುತ್ತಿದ್ದೆ. ಒಳ್ಳೆಯದಕ್ಕೇ ಅಂದದ್ದು, ಬಿಡಿ. ಕೆಲಸವೂ ಸಿಕ್ಕಿತು."

ಯಾರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ರಾಯರೇ ಬಾಯಿಬಿಟ್ಟರು. "ಬೆಳೆದು ನಿಂತ ಬೇರಿನ ಒಳಗೆ ಒಂದು ಪದರ ಇರುತ್ತದೆ. ಎಷ್ಟೋ ದಿನ ಸುಮ್ನೆ ಇದ್ದ ಕೋಶಗಳು ಅಲ್ಲಿರುತ್ತವೆ. ಆಕ್ಸಿನ್ ಕೂಡಿಕೊಂಡರೆ ಮತ್ತೆ ಒಡೆಯಲು ಶುರುಮಾಡುತ್ತವೆ. ಪಕ್ಕದ ಬೇರು ಹುಟ್ಟುವುದೇ ಹಾಗೆ."

"ಇಷ್ಟು ತಡವಾಗಿ?"

"ಸೈಟೋಕೈನಿನ್ ಅಡ್ಡ ಬರಬಾರದು, ಅಷ್ಟೇ."

"ಅದನ್ನು ಹೇಗೋ ಒಪ್ಪಿಸುತ್ತೇನೆ ರಾಯರೇ" ಎಂದರು ಮೂರ್ತಿ. "ಬಣ್ಣದ ಪೆಟ್ಟಿಗೆ ಎಲ್ಲಿಟ್ಟಿದ್ದೇನೋ, ಅದೇ ನೆನಪಾಗುತ್ತಿಲ್ಲ."