‘ಉಪ್ಪು ಕಡಿಮೆ’ ಲೈಟ್ ಬಂತು ಅಂತ ಮೂಟೆ ಸುರಿಯಬೇಡಿ

ಪ್ರಶ್ನೆ (ಜೆ.ಪಿ. ನಗರದಿಂದ): ಸರ್, ನಮ್ಮ ಮನೆಯಲ್ಲಿ 40,000 ಲೀಟರ್‌ನ ಉಪ್ಪುನೀರಿನ ಪೂಲ್ ಇದೆ. ಹೋದ ತಿಂಗಳು ಉಪ್ಪಿನಿಂದ ಕ್ಲೋರಿನ್ ಮಾಡುವ ಮೆಷಿನ್‌ನಲ್ಲಿ ‘ಉಪ್ಪು ಕಡಿಮೆ’ ಲೈಟ್ ಬಂತು ಅಂತ 25 ಕೆಜಿಯ ಎರಡು ಮೂಟೆ ಸುರಿದೆವು, ಆದರೂ ಲೈಟ್ ಆರಿಲ್ಲ. ಪೈಪಿನ ಬಾಯಿಂದ ಸುಣ್ಣದಂಥ ಬಿಳಿ ಚಕ್ಕೆ ಬರುತ್ತಿದೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ವಾರವಾರ 8.2 ಮುಟ್ಟುತ್ತದೆ. ತುಂಬಿಸೋದು ಬೋರ್ ನೀರು. ಇನ್ನೊಂದು ಮೂಟೆ ಹಾಕಲಾ?

ಉತ್ತರ: ಬೇಡ ಮೇಡಂ. ಮೊದಲು ನೀರನ್ನು ಟೆಸ್ಟ್ ಮಾಡಿಸಿ. ಉಪ್ಪು, ಗಡಸುತನ (ನೀರಲ್ಲಿ ಕರಗಿದ ಸುಣ್ಣ), ಆಲ್ಕಲಿನಿಟಿ (ಆಸಿಡ್ ತಡೆದುಕೊಳ್ಳುವ ಶಕ್ತಿ), ಈ ಮೂರೂ ಬೇಕು.

ಪ್ರಶ್ನೆ: ಮಾಡಿಸಿದೆ ಸರ್. ಉಪ್ಪು 4,200, ಗಡಸುತನ 600, ಆಲ್ಕಲಿನಿಟಿ 160. ಎಲ್ಲ ಪಿಪಿಎಂ ಲೆಕ್ಕ, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ.

ಉತ್ತರ: ಅಂದುಕೊಂಡ ಹಾಗೇ ಆಯ್ತು. ಉಪ್ಪು ಕಡಿಮೆ ಅಲ್ಲ, ಜಾಸ್ತಿ. ಸಾಮಾನ್ಯವಾಗಿ 3,200ರ ಆಸುಪಾಸು ಸಾಕು. ನಿಮ್ಮ ಪೂಲಿಗೆ 40 ಕೆಜಿ ಹಾಕಿದರೆ 1,000 ಏರುತ್ತದೆ, ನೀವು 50 ಸುರಿದಿದ್ದೀರಿ. ಮೆಷಿನ್ ಉಪ್ಪನ್ನು ರುಚಿ ನೋಡುವುದಿಲ್ಲ, ಒಳಗೆ ಲೋಹದ ಪ್ಲೇಟುಗಳಿರುವ ಸೆಲ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅಂತ ನೋಡಿ ಲೆಕ್ಕ ಹಾಕುತ್ತದೆ, ಪ್ಲೇಟಿನ ಮೇಲೆ ಸುಣ್ಣ ಕಟ್ಟಿದರೆ ಕರೆಂಟ್ ಕಡಿಮೆ ಹರಿದು ಉಪ್ಪೇ ಇಲ್ಲ ಅಂದುಕೊಳ್ಳುತ್ತದೆ. ಆ ಚಕ್ಕೆ ಅದೇ ಸುಣ್ಣ.

ಬೋರ್ ನೀರಿನ ಸಮಸ್ಯೆ ಏನೆಂದರೆ, ಬಿಸಿಲಿಗೆ ನೀರು ಮಾತ್ರ ಆರಿಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ನೀವು ಮತ್ತೆ ಬೋರ್ ನೀರನ್ನೇ ತುಂಬಿಸುತ್ತೀರಿ, ಇನ್ನಷ್ಟು ಸೇರುತ್ತದೆ. ಆಲ್ಕಲಿನಿಟಿ ಹೆಚ್ಚಿದ್ದರೆ ಪಿಎಚ್ ಕೂಡ ಸುಮ್ನೆ ಇರಲ್ಲ, ಸೆಲ್‌ನ ಗುಳ್ಳೆಗಳ ಜೊತೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಮೇಲೇರುತ್ತಲೇ ಇರುತ್ತದೆ.

ಕಾಲು ಭಾಗ ನೀರು ತೆಗೆದು ಮಳೆನೀರು ತುಂಬಿಸಿ. ಟೆರೇಸಿನ ಮಳೆನೀರು ಸಂಪಿಗೆ ಬರುತ್ತದೆ ಅಲ್ವಾ? ಅದರಲ್ಲಿ ಗಡಸು ಇಲ್ಲವೇ ಇಲ್ಲ ಅನ್ನಬಹುದು. ಉಪ್ಪು 3,150ಕ್ಕೆ, ಗಡಸುತನ 450ಕ್ಕೆ, ಆಲ್ಕಲಿನಿಟಿ 120ಕ್ಕೆ ಇಳಿಯುತ್ತವೆ. ಕಾವೇರಿ ನೀರಿನ ಯೋಚನೆ ಬಿಡಿ, 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಪೂಲಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ. ತೆಗೆದ ನೀರನ್ನು ಗುಲಾಬಿ ಕುಂಡಕ್ಕೆ, ಹುಲ್ಲಿಗೆ ಬಿಡಬೇಡಿ, ಸುಟ್ಟುಹೋಗುತ್ತವೆ.

ಆಮೇಲೆ ಪಂಪ್ ಓಡುತ್ತಿರುವಾಗ ಪೂಲಿನ ಆಸಿಡ್ (ಹೈಡ್ರೋಕ್ಲೋರಿಕ್) ಅರ್ಧ ಲೀಟರ್ ಹಾಕಿ, ನಾಲ್ಕು ಗಂಟೆ ಬಿಟ್ಟು ನೋಡಿ, ಬೇಕಿದ್ದರೆ ಮತ್ತೆ. ಪಿಎಚ್ 7.5ರ ಸುತ್ತ ಇರಲಿ. ಆಲ್ಕಲಿನಿಟಿ 80ರ ಹತ್ತಿರ ಬಂದರೆ ಪಿಎಚ್ ಏರುವ ವೇಗವೂ ತಗ್ಗುತ್ತದೆ.

ಸೆಲ್ ತೊಳೆಯುವ ಮುಂಚೆ ಕರೆಂಟ್ ತೆಗೆಯಿರಿ. ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್, ಹತ್ತು ನಿಮಿಷ ಸಾಕು. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಯಾವತ್ತೂ ಅಲ್ಲ. ಕ್ಲೋರಿನ್ ಪುಡಿ ಹತ್ತಿರವೂ ಬರಬಾರದು, ವಿಷಗಾಳಿ ಏಳುತ್ತದೆ. ಚಾಕುವಿನಿಂದ ಕೆರೆಯಬೇಡಿ, ಪ್ಲೇಟಿನ ಲೇಪ ಹೋದರೆ ಸೆಲ್ ಹೋದ ಹಾಗೆ.

ಇನ್ನೊಬ್ಬರ ಪ್ರಶ್ನೆ: ಉಪ್ಪುನೀರಿನ ಪೂಲಲ್ಲಿ ಕ್ಲೋರಿನ್ನೇ ಇರಲ್ಲ ಅಂತ ಮಾರಿದವರು ಹೇಳಿದ್ದರು?

ಉತ್ತರ: ಮಾರುವವರು ಹೇಳುತ್ತಾರೆ. ಆ ಮೆಷಿನ್ ಮಾಡುವುದೇ ಉಪ್ಪಿನಿಂದ ಕ್ಲೋರಿನ್ ತೆಗೆಯುವ ಕೆಲಸ. ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ, ಹಾಗಾಗಿ ಅದನ್ನು ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ (ಸಯನೂರಿಕ್ ಆಸಿಡ್) 60ರಿಂದ 80 ಪಿಪಿಎಂ ಇರಲಿ. ಅಡುಗೆ ಉಪ್ಪಿನ ಪ್ಯಾಕೆಟ್ ಸುರಿಯಬೇಡಿ, ಅಯೋಡಿನ್ ಇಲ್ಲದ ಶುದ್ಧ ಉಪ್ಪು ತನ್ನಿ.

ಪ್ರಶ್ನೆ ಕೇಳಿದವರು: ಸೆಲ್ ತೊಳೆಸಿದೆ ಸರ್, ಲೈಟ್ ಆರಿತು. ಉಳಿದ ಅರ್ಧ ಮೂಟೆ ಉಪ್ಪು ಏನು ಮಾಡಲಿ?

ಉತ್ತರ: ಒಣ ಜಾಗದಲ್ಲಿಡಿ ಮೇಡಂ. ಮಳೆಗಾಲದಲ್ಲಿ ಪೂಲ್ ತುಂಬಿ ಹರಿದಾಗ ಉಪ್ಪೂ ಹರಿದುಹೋಗುತ್ತದೆ, ಆಗ ಬೇಕಾಗುತ್ತದೆ. ಟೆಸ್ಟ್ ಮಾಡಿ ಹಾಕಿ.