ಪದ್ಮಿನಿ ಡ್ರಮ್ ಬ್ರೇಕು: ಲೇಥಿಗೆ ಹಾಕೂದೋ, ಹೊಸಾ ಡ್ರಮ್ ತರೂದೋ?

ಪ್ರಶ್ನೆ (ಗದಗ): 1984ರ ಪ್ರೀಮಿಯರ್ ಪದ್ಮಿನಿ. ಮುಂದಿನ ಲೈನರ್ (ಡ್ರಮ್ಮಿನ ಒಳಗ ಒತ್ತೂ ಕಮಾನಿನಂಥಾ ಶೂಗೆ ಹಚ್ಚಿದ ತಿಕ್ಕೂ ಪಟ್ಟಿ) ಪೂರ್ತಿ ಸವದು ರಿವೆಟ್ ತಲಿ ಡ್ರಮ್ಮಿಗೆ (ಗಾಲಿ ಜೋಡಿ ತಿರುಗೂ ಬಟ್ಟಲಿಗೆ) ಗೀರು ಹಾಕ್ಯಾವ. ಬ್ರೇಕ್ ಒತ್ತಿದ್ರ ಗಾಡಿ ಎಡಕ್ಕ ಎಳೀತದ, ಪೆಡಲ್ಲೂ ಭಾಳ ಕೆಳಗ ಹೋಗ್ತದ. ಮುಂದಿನ ತಿಂಗಳ ಮನಿ ಮಂದೀನ ಕರಕೊಂಡು ಅಂಕೋಲಾಕ್ಕ ಹೋಗೂದದ. ಮಾಡಿಸಿದವ್ರು ಅನುಭವ ಹೇಳ್ರಿ.

ಗೋಕುಲ ರೋಡ್, ಹುಬ್ಬಳ್ಳಿ: ಲೇಥಿಗೇ ಹಾಕ್ರಿ. ನನ್ನ ಗಾಡಿದು ನಾಕೂ ಡ್ರಮ್ ಟರ್ನಿಂಗ್ (ಲೇಥಿನಾಗ ತಿರುವಿ ಒಳಮೈ ಕೆತ್ತಿ ಸಮ ಮಾಡೂದು) ಮಾಡಿಸೇನಿ, ಇವತ್ತಿಗೂ ಹಿಡಿತ ಗಟ್ಟಿ ಐತಿ. ಡ್ರಮ್ಮಿಗೆ 300ರಂಗ 1,200, ಎಂಟು ಶೂಗೆ ಲೈನರ್ ಹಾಕಿ ರಿವೆಟ್ ಹೊಡಿಸಿದ್ದು 2,400, ಬ್ರೇಕ್ ಆಯಿಲ್ ಬ್ಯಾರೆ. ಹೊಸಾ ಡ್ರಮ್ಮಿನ ರೇಟ್ ಕೇಳಿದ್ರ ಎದಿ ಒಡೀತೈತಿ. ಲೇಥಿಗೆ ಕೊಡೂ ಮೊದಲ ಒಳಗಿನ ವ್ಯಾಸ ಮೂರ್ನಾಕು ಕಡೆ ಅಳೀರಿ. ಒಂದ ಕಡೆ ಅಳದು ಬಿಟ್ರ ಡ್ರಮ್ ಮೊಟ್ಟಿ ಆಕಾರಕ್ಕ ಬಂದಿದ್ದು ತಿಳಿಯೂದಿಲ್ಲ, ಆಮ್ಯಾಲೆ ಪೆಡಲ್ ಕಾಲಿಗೆ ಗಕ್ ಗಕ್ ಬಡೀತೈತಿ. ಲೇಥಿನಾಗ ಸೆಂಟರ್ ಹಿಡಿಯೂದು ಹಬ್ (ಗಾಲಿ ನಡುವಿನ ಭಾಗ) ಮ್ಯಾಲೆ ಕೂಡೂ ಮುಖದಿಂದ. ಹೊರಗಿನ ಅಂಚು ಹಿಡದು ತಿರುವಿದ್ರ ಹೊಸಾ ವಕ್ರ ನೀವ ಮಾಡಿಟ್ಟಂಗ. ಗೀರು ಹೋಗೂವಷ್ಟ ತಗೀರಿ, ಎಡಕ್ಕೆಷ್ಟೋ ಬಲಕ್ಕೂ ಅಷ್ಟ. ಒಂದು ಕಡೆ ದೊಡ್ಡದು ಒಂದು ಕಡೆ ಸಣ್ಣದು ಆತಂದ್ರ ಗಾಡಿ ಒಂದ ಕಡೆ ಎಳಿಯೂದು ತಪ್ಪೂದಿಲ್ಲ.

ಧಾರವಾಡ: ಅರ್ಧಾ ಮಾತು ಹೇಳಿ ಬಿಟ್ಟೀರಿ. ಡ್ರಮ್ ದೊಡ್ಡದಾತು ಸರಿ, ಲೈನರ್ ಸ್ಟ್ಯಾಂಡರ್ಡ್ ಅಳತಿದ ಹಾಕಿದ್ರಲ್ಲ, ಅದರ ಕಮಾನು ಕೂಡೂದು ಹೆಂಗ? ಶೂ ನಡಬರಕ ಅಷ್ಟ ತಾಕ್ತದ, ಎರಡೂ ತುದಿ ಗಾಳ್ಯಾಗ ಇರ್ತಾವ. ಒತ್ತಿದಾಗ ಶೂನ ಬಾಗ್ತದ, ಪೆಡಲ್ ಮೆತ್ತಗ ಆಗ್ತದ. ಒಳಗ ಏರ್ ಅದ ಅಂತ ತಿಳಕೊಂಡು ಮಂದಿ ಲೀಟರ್‌ಗಟ್ಟಲೆ ಆಯಿಲ್ ಚೆಲ್ಲಿ ಬ್ಲೀಡಿಂಗ್ (ಆಯಿಲ್ ಪೈಪಿನ ಏರ್ ತಗಿಯೂದು) ಮಾಡಿಕೋತ ಕೂಡ್ತಾರ. ಡ್ರಮ್ಮಿನ ಒಳಗ ಸೀಮೆಸುಣ್ಣ ಸವರಿ ಶೂ ಇಟ್ಟು ತಿಕ್ಕಿ ನೋಡ್ರಿ, ಎಲ್ಲಿ ಬಿಳೇದು ಹತ್ತೇದ ಅಂತ. ನಡಬರಕ ಎರಡ ಬೆರಳಷ್ಟ ಹತ್ತಿದ್ರ ಆ ಡ್ರಮ್ಮಿನ ಅಳತಿಗೆ ಲೈನರ್ ಗ್ರೈಂಡ್ ಮಾಡಿಸಲೇಬೇಕು. ನನ್ನ ಡ್ರಮ್ ತಿರುವಿಕೊಟ್ಟವ್ರು ಇದನ್ನ ಹೇಳಲೇ ಇಲ್ಲ. ಟರ್ನಿಂಗ್ 800, ಲೈನರ್ 1,400, ಎರಡೂ ನೀರಾಗ ಹೋದ್ವು. ಕಡೀಕ ಮುಂದಿನ ಜೋಡಿ ಡ್ರಮ್ ಮುಂಬೈಯಿಂದ 7,500ಕ್ಕ ತರಿಸಿದ್ದು. ಈಗ ಪೆಡಲ್ ಕಲ್ಲಿನಂಗ ಅದ.

ಗೋಕುಲ ರೋಡ್: ಗ್ರೈಂಡಿಂಗ್ ಯಾರು ಬ್ಯಾಡ ಅಂದಾರ? ಲೈನರ್ ಹಾಕೂ ಅಂಗಡ್ಯಾಗ ಡ್ರಮ್ಮೂ ಕೂಡಿಸೇ ಕೊಡಬೇಕು ಅನ್ನೂದು ಎಲ್ಲಾರಿಗೂ ಗೊತ್ತಿರೂ ಮಾತು. ನಿಮ್ಮ ಮಿಸ್ತ್ರಿ ಕೆಲಸ ಸರಿ ಮಾಡಲಿಲ್ಲ ಅಂತ ಲೇಥಿಗೆ ಬೈದ್ರ ಹೆಂಗ್ರಿ?

ಧಾರವಾಡ: ಎಲ್ಲಾರಿಗೂ ಗೊತ್ತಿದ್ರ ನಿಮ್ಮ ಮೊದಲಿನ ಉತ್ತರದಾಗ ಯಾಕ ಇಲ್ಲ?

ಹಾವೇರಿ, ಅಂಬಾಸಿಡರ್: ಇಬ್ರೂ ಡ್ರಮ್ಮಿನ ಸುತ್ತ ತಿರುಗಾಕತ್ತೀರಿ. ಗಾಡಿ ಎಡಕ್ಕ ಎಳದ್ರ ಎಲ್ಲಾರೂ ಎಡಗಾಲಿ ಬಿಚ್ಚತಾರ. ಎಡಗಡೆ ಹಿಡದೈತಿ ಅಂದ್ರ ಅದು ತನ್ನ ಕೆಲಸ ಮಾಡಾಕತ್ತೈತಿ; ಬಲಗಡೆ ಹಿಡೀವಲ್ದು. ಬಲಗಡೆ ವೀಲ್ ಸಿಲಿಂಡರ್ (ಆಯಿಲ್ ಒತ್ತಡಕ್ಕ ಶೂ ತಳ್ಳೂದು) ನೋಡ್ರಿ. ರಬ್ಬರ್ ಬೂಟ್ ಎತ್ತಿದಾಗ ಹಸಿ ಇದ್ರ ಬಕೆಟ್ ವಾಷರ್ (ಆಯಿಲ್ ತಡಿಯೂ ರಬ್ಬರ್) ಹೋಗಿರತೈತಿ, ಕೆಂಪು ಪುಡಿ ಉದುರಿದ್ರ ಪಿಸ್ಟನ್ ತುಕ್ಕು ಹಿಡದಿರತೈತಿ. ಒಳಗ ಉಗರು ಆಡಿಸಿದಾಗ ತಡವುವಂಥಾ ತಗ್ಗು ಇದ್ರ ವಾಷರ್ ಕಿಟ್ ಹಾಕಿ ಉಪಯೋಗಿಲ್ಲ, ಸ್ಲೀವ್ (ಒಳಗ ಹೊಸಾ ಕೊಳವಿ) ಹೊಡಸರಿ ಇಲ್ಲಾ ಸಿಲಿಂಡರನ್ನ ಬದಲಿ ಮಾಡ್ರಿ. ಆಮ್ಯಾಲೆ ಗಾಲಿಗೆ ಆಯಿಲ್ ಒಯ್ಯೂ ರಬ್ಬರ್ ಹೋಸ್ ನೋಡ್ರಿ. ಹೊರಗ ಛಲೋ ಕಾಣತೈತಿ, ಒಳಗ ಉಬ್ಬಿ ದಾರಿ ಮುಚ್ಚಿರತೈತಿ. ಒತ್ತಿದಾಗ ಆಯಿಲ್ ಹೋಗತೈತಿ, ಬಿಟ್ಟಾಗ ವಾಪಸ್ ಬರೂದಿಲ್ಲ, ಗಾಲಿ ಬಿಸಿ ಆಗತೈತಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೂ ಮಾಸ್ಟರ್ ಸಿಲಿಂಡರಿನ ಪುಶ್ ರಾಡಿಗೆ (ಪೆಡಲ್ಲಿನಿಂದ ಬರೂ ಸರಳಿಗೆ) ಒಂದು ಮಿ.ಮೀ ಆಸುಪಾಸು ಸಡಲು ಇರಬೇಕು. ಪೆಡಲ್ ಕೆಳಗ ಹೋಗತೈತಿ ಅಂತ ಆ ಸಡಲು ತಗದ್ರ ಆಯಿಲ್ ವಾಪಸ್ ಬರೂ ಸಣ್ಣ ತೂತು ಮುಚ್ಚತೈತಿ, ಐದಾರು ಕಿಲೋಮೀಟರಿಗೆ ನಾಕೂ ಗಾಲಿ ಜಾಮ್.

ಗೋಕುಲ ರೋಡ್: ಅಂಬಾಸಿಡರ್ ಲೆಕ್ಕ ಪದ್ಮಿನಿಗೆ ಹಚ್ಚಬ್ಯಾಡ್ರಿ.

ಹಾವೇರಿ: ಆಯಿಲ್ಲಿನ ಒತ್ತಡಕ್ಕ ಗಾಡಿ ಹೆಸರು ಗೊತ್ತಿರೂದಿಲ್ಲ. ಅಂಬಾಸಿಡರ್ ಮುಂದಿನ ಗಾಲಿಗೆ ಎರಡೆರಡು ಸಿಲಿಂಡರ್, ಗಾಲಿ ಮುಂದಕ್ಕ ತಿರುಗೂವಾಗ ಎರಡೂ ಶೂ ತಾವ ಬಿಗಿಯಾಗತಾವ. ರಿವರ್ಸಿನ್ಯಾಗ ಹಿಡಿತ ಕಡಿಮಿ. ಅಷ್ಟ ಫರಕು.

ಉಣಕಲ್, ಹುಬ್ಬಳ್ಳಿ: ಅವ್ರು ಅಂಕೋಲಾ ಅಂದಾರ, ಹಾದ್ಯಾಗಿನ ಅರಬೈಲ್ ಘಾಟಿನ ಮಾತ ಯಾರೂ ಎತ್ತವಲ್ರಿ. ಡ್ರಮ್ ಕಾದ್ರ ಹಿಗ್ಗಿ ಶೂಯಿಂದ ದೂರ ಸರೀತೈತಿ, ಲೈನರ್ ಕಾದ್ರ ಹಿಡಿತ ಬಿಡತೈತಿ. ಎರಡೂ ಒಮ್ಮೆಲೇ ಆಗತಾವ. ಅದಕ್ಕ ಘಾಟ್ ಸುರು ಆಗೂ ಮೊದಲ ಎರಡನೇ ಗೇರಿಗೆ ಬರ್ರಿ, ಬ್ರೇಕ್ ಮ್ಯಾಲೆ ಕಾಲಿಟ್ಕೊಂಡ ಇಳೀಬ್ಯಾಡ್ರಿ. ಆಯಿಲ್ ಹಳೇದಿದ್ರ ಪೂರ್ತಿ ತಗದು ಹಾಕ್ರಿ. ಡಾಟ್ 3 (ಬ್ರೇಕ್ ಆಯಿಲ್ಲಿನ ಒಂದು ದರ್ಜೆ) ಹೊಸದಿದ್ದಾಗ 205 ಡಿಗ್ರಿತನಕ ಕುದಿಯೂದಿಲ್ಲ, ನೀರು ಹೀರಿದ ಮ್ಯಾಲೆ 140ಕ್ಕ ಕುದಿಯಬಹುದು. ಕುದ್ದ್ರ ಪೆಡಲ್ ನೆಲಕ್ಕ.

ಧಾರವಾಡ: ಸಿಲಿಕಾನ್ ಡಾಟ್ 5 ಹಾಕಿದ್ರ ಅದು ನೀರು ಹೀರೂದಿಲ್ಲ.

ಹಾವೇರಿ: ಹಳೇ ಆಯಿಲ್ ಇದ್ದ ಸಿಸ್ಟಮ್ಮಿಗೆ ಡಾಟ್ 5 ಸುರುವು ಅಂತ ಹೇಳಬ್ಯಾಡ್ರಿ, ಪಾಪ ಅವ್ರು ಮನಿ ಮಂದೀನ ಕರಕೊಂಡು ಹೊಂಟಾರ! ಎರಡೂ ಕೂಡೂದಿಲ್ಲ. ಪೈಪು, ಸಿಲಿಂಡರ್, ರಬ್ಬರ್ ಎಲ್ಲಾ ಹೊಸದಿದ್ರ ಆ ಮಾತು.

ಧಾರವಾಡ: ಸುರುವು ಅಂತ ಯಾರು ಅಂದ್ರು? ಪೂರ್ತಿ ಬದಲಿ ಮಾಡಿದ ಗಾಡಿ ನಂದು.

ಉಣಕಲ್: ಇನ್ನೊಂದು. ಡ್ರಮ್ ಬಿಚ್ಚಿದ ಕೂಡಲೇ ಗ್ಯಾರೇಜಿನ್ಯಾಗ ಕಂಪ್ರೆಸರ್ ಗಾಳಿ ಹೊಡೀತಾರ, ಹೊಡೀಲಿಕ್ಕೆ ಬಿಡಬ್ಯಾಡ್ರಿ. ಹಳೇ ಲೈನರಿನ್ಯಾಗ ಆಸ್ಬೆಸ್ಟಾಸ್ ಇರಬಹುದು. ನೀರು ಸಿಂಪಡಿಸಿ ಹಸಿ ಅರಬಿಲೆ ಒರಸರಿ, ಆ ಅರಬಿ ಕವರಿನ್ಯಾಗ ಕಟ್ಟಿ ಒಗೀರಿ.

ಗೋಕುಲ ರೋಡ್: ನಮ್ಮ ಮಿಸ್ತ್ರಿಗೋಳು ಜೀವಮಾನ ಗಾಳಿ ಹೊಡದಾರ, ಏನಾಗೇತಿ?

ಉಣಕಲ್: ಆ ಪುಡಿ ಪುಪ್ಪುಸದಾಗ ಕುಂತು ಇಪ್ಪತ್ತು ಮೂವತ್ತು ವರ್ಷದ ಮ್ಯಾಲೆ ರೋಗ ತೋರಸತೈತಿ. ಮಿಸ್ತ್ರಿಗೂ ಹೇಳ್ರಿ.

ಪ್ರಶ್ನೆ ಕೇಳಿದವ್ರು: ಹಂಗಾದ್ರ ಮೊದಲ ಏನು ಬಿಚ್ಚಸ್ಲಿ?

ಹಾವೇರಿ: ಬಲಗಡೆ ಮುಂದಿನ ಗಾಲಿ. ಸಿಲಿಂಡರ್, ಹೋಸ್ ನೋಡ್ರಿ, ಡ್ರಮ್ ಅಳೀರಿ. ಲೈನರ್ ಮಾತ್ರ ಎರಡೂ ಕಡೆದು ಜೋಡಿ ಬದಲಿ ಮಾಡ್ರಿ. ಶೂ ಅಡ್ಜಸ್ಟ್ ಮಾಡಿ, ಆಮ್ಯಾಲೆ ಏರ್ ತಗೀರಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕಡೀಕ ಮುಂದಿನ ಬಲ. ಹೊಸಾ ಲೈನರ್ ಕೂಡೂತನಕ ಗದಗ-ಹುಬ್ಬಳ್ಳಿ ರಸ್ತೆದಾಗ ಸಾವಕಾಶ ಓಡಸರಿ, ಮತ್ತೊಮ್ಮೆ ಅಡ್ಜಸ್ಟ್ ಮಾಡಸರಿ, ಆಮ್ಯಾಲೆ ಘಾಟ್.

ಗೋಕುಲ ರೋಡ್: ಡ್ರಮ್ ಅಳದು ಲೇಥಿಗೇ ಹಾಕ್ರಿ.